ಮುಂದೆ ಲೇಡೀಸ್, ಹಿಂದೆ ಜೆಂಟ್ಸ್

"ಜರ್ಮನಿ ಏನು, ಚಂದ್ರಲೋಕಕ್ಕೆ ಬೇಕಾದರೂ ನಾನು ಜನ ಕರೆದುಕೊಂಡು ಹೋಗಿ, ತಲೆ ಎಣಿಸಿ ವಾಪಸು ತರ್ತೇನೆ" ಎಂದು ಮೊಯ್ದೀನ್ ಕುಂಞಿಯವರು ಕುವೈತಿನ ಮಂಗಫಿನ ತಮ್ಮ ಫ್ಲ್ಯಾಟಿನಲ್ಲಿ ಕೂತು ಘೋಷಿಸಿದಾಗ ಹೆಂಡತಿ ಕುಂಞಿಪಾತುಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಹೌದಾ" ಎಂದರು. ಮದುವೆಯಾದಂದಿನಿಂದ ಗಂಡನ ಘೋಷಣೆಗಳಿಗೆಲ್ಲ ಅವರ ಉತ್ತರ ಅದೊಂದೇ.

ಘೋಷಣೆಗೆ ಆಧಾರವಿಲ್ಲದೆ ಇರಲಿಲ್ಲ. ಮಂಗಫಿನಿಂದ ರಿಫೈನರಿಗೆ ಕೆಲಸಗಾರರನ್ನು ಸಾಗಿಸುವ ಬಸ್ಸುಗಳಿಗೆ ಮೊಯ್ದೀನ್ ಕುಂಞಿಯವರು ಸೂಪರ್‌ವೈಸರ್. ಬೆಳಕು ಹರಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತು ಒಂದು "ಯಲ್ಲಾ" ಎಂದರೆ ಸಾಕು, ನಿದ್ದೆಗಣ್ಣಿನವರೂ ಓಡಿ ಬಂದು ಹತ್ತುತ್ತಿದ್ದರು. ಶುಕ್ರವಾರ ಊರಿನವರ ಪಿಕ್‌ನಿಕ್ಕಿಗೆ ಬಸ್ಸು ಬೇಕಾದರೂ ಅವರೇ ಬೇಕು. ಆ ಬಸ್ಸಿನೊಳಗೆ ಅವರದು ಒಂದೇ ಸಾಲಿನ ಸಂವಿಧಾನ: ಮುಂದೆ ಲೇಡೀಸ್, ಹಿಂದೆ ಜೆಂಟ್ಸ್. ಕುವೈತಿನ ಬಸ್ಸುಗಳಲ್ಲಿ ಮುಂದಿನ ಸೀಟು ಹೆಂಗಸರಿಗೆ ಬಿಡುವುದು ರೂಢಿ. ಇವರು ರೂಢಿಯನ್ನು ಕಾನೂನು ಮಾಡಿದ್ದರು. ಹೊಸದಾಗಿ ಮದುವೆಯಾದ ಹುಡುಗನೊಬ್ಬ ಹೆಂಡತಿಯ ಪಕ್ಕ ಕೂತರೆ, "ಏಳು ತಮ್ಮಾ. ಬಸ್ಸಿನ ಮುಂದಿನ ಭಾಗವೂ ಹಿಂದಿನ ಭಾಗವೂ ಒಂದೇ ಕಡೆ ಹೋಗುವುದು, ಹೆದರಬೇಡ" ಎಂದು ಎಬ್ಬಿಸುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನನ್ನು ದಾರಿಯಲ್ಲಿ ಬಿಟ್ಟು ಬಂದವರಲ್ಲ. ಅವರ ಮೀಸೆಯ ತುದಿ ಮೇಲಕ್ಕೆ ನಿಂತಿದ್ದುದೇ ಆ ಬಲದಿಂದ.

ಮಗಳು ಫಾತಿಮತ್ ಶಹನಾ ಹ್ಯಾನೋವರ್ ಎಂಬ ಊರಿನಲ್ಲಿ ಹೆತ್ತಿದ್ದಳು. ಅಳಿಯ ಝಹೀರನಿಗೆ ಅಲ್ಲಿನ ಟಯರು ಕಾರ್ಖಾನೆಯಲ್ಲಿ ಕೆಲಸ. ಮಗು ನೋಡಲು ಅಜ್ಜ ಅಜ್ಜಿ ಹೊರಟಾಗ ಎದುರು ಫ್ಲ್ಯಾಟಿನ ಯಶೋಧರ ಮತ್ತು ಅವನ ಹೆಂಡತಿ ಆಶಾಲತಾ, "ನಾವೂ ಬರ್ತೇವೆ ಮೊಯ್ದಿನಾಕ, ಜರ್ಮನಿ ನೋಡಿದ ಹಾಗೂ ಆಯ್ತು" ಎಂದು ಸೇರಿಕೊಂಡರು. ಮಗು ನೋಡಿ ಆಯಿತು, ಅದು ಅಜ್ಜನ ಮೀಸೆ ಎಳೆದೂ ಆಯಿತು. ಆಮೇಲೆ ಒಂದು ದಿನದ ತಿರುಗಾಟ ನಿಶ್ಚಯವಾಯಿತು. ಬೆಳಗ್ಗೆ ರೈಲಿನಲ್ಲಿ ಕಲೋನ್, ಮಧ್ಯಾಹ್ನದ ಮೇಲೆ ಹತ್ತಿರದ ಡ್ಯುಸೆಲ್‌ಡಾರ್ಫ್, ರಾತ್ರಿಯ ಊಟಕ್ಕೆ ಮನೆ.

"ನಾನೂ ಬರ್ತೇನೆ ಮಾಮ, ರಜೆ ಹಾಕ್ತೇನೆ" ಎಂದ ಝಹೀರ್.

"ಯಾಕೆ? ಬಸ್ಸಿಗಿಂತ ರೈಲು ಸುಲಭ. ಸ್ಟೇರಿಂಗೇ ಇಲ್ಲ. ದಾರಿ ತಪ್ಪುವುದು ಹೇಗೆ?"

ಝಹೀರ್ ನಾಲ್ಕು ಜನರಿಗೂ ಸೇರಿದ ಒಂದೇ ಟಿಕೆಟ್ಟು, ಒಂದು ಮೊಬೈಲು ಮಾವನ ಕೈಗೆ ಕೊಟ್ಟ. ಗಂಡನ ಜೇಬಿನಲ್ಲಿ ಮೊಬೈಲಿದ್ದರೆ ಹೆಂಡತಿಯ ಹತ್ತಿರವೂ ಇದ್ದ ಹಾಗೆ ಎಂದು ಜನ ನಂಬಿದ್ದ ಕಾಲ ಅದು. "ನಿಮ್ಮ ಸೀಟು ಬಿಟ್ಟು ಮಾತ್ರ ಏಳಬೇಡಿ ಮಾಮ" ಎಂದ.

"ಸೀಟಿನ ವಿಷಯ ನನಗೆ ಹೇಳ್ತೀಯಾ?" ಎಂದರು ಮಾವ.

ಹ್ಯಾನೋವರ್ ಸ್ಟೇಷನ್ ನೋಡಿ ಮೊಯ್ದೀನ್ ಕುಂಞಿಯವರು ಕರಗಿಯೇ ಹೋದರು. ಯಾರೂ ಕೂಗುವುದಿಲ್ಲ, ಯಾರೂ ನುಗ್ಗುವುದಿಲ್ಲ. ಗಡಿಯಾರದ ಮುಳ್ಳು ಎಲ್ಲಿಗೆ ಬರಬೇಕೋ ಅಲ್ಲಿಗೆ ಬರುತ್ತದೆ, ರೈಲೂ ಬರುತ್ತದೆ. ಹಾಲು ಬಣ್ಣದ ರೈಲು ಸದ್ದಿಲ್ಲದೆ ಬಂದು ನಿಂತಾಗ, "ಇಂಥದ್ದೊಂದು ನಮ್ಮ ಕುವೈತಿನಲ್ಲಿ ಸಬ್ಹಾನಿನಿಂದ ಜಹ್ರಾಕ್ಕೆ ಬಿಟ್ಟರೆ ನಾನು ಪುಕ್ಕಟೆ ದುಡಿಯುತ್ತೇನೆ" ಎಂದರು.

ತೊಂದರೆ ಒಳಗೆ ಇತ್ತು. ಝಹೀರ್ ಕಾದಿರಿಸಿದ್ದ ನಾಲ್ಕು ಸೀಟುಗಳು ಒಂದು ಮೇಜಿನ ಸುತ್ತ, ಎದುರು ಬದುರು. ಕೂತರೆ ಮೊಯ್ದೀನ್ ಕುಂಞಿಯವರ ಮೊಣಕಾಲಿಗೆ ಆಶಾಲತಾಳ ಮೊಣಕಾಲು ತಾಗುವ ಹಾಗೆ. ಅವರು ಕೂರಲಿಲ್ಲ. ಟೋಪಿ ಸರಿಪಡಿಸಿಕೊಂಡರು. ಕೆಮ್ಮಿದರು.

"ಪಾತುಮ್ಮಾ, ನೀವಿಬ್ಬರು ಇಲ್ಲಿ ಆರಾಮ ಕೂತುಕೊಳ್ಳಿ. ನಾವು ಹಿಂದೆ ಕೂರ್ತೇವೆ."

"ಎಷ್ಟು ಹಿಂದೆ?" ಎಂದು ಕೇಳಿದಳು ಆಶಾಲತಾ.

"ಹಿಂದೆ ಅಂದರೆ ಹಿಂದೆ."

"ಹೌದಾ" ಎಂದರು ಕುಂಞಿಪಾತುಮ್ಮ, ಊಟದ ಚೀಲವನ್ನು ಮಡಿಲಿಗೆ ಎಳೆದುಕೊಂಡು.

ಬಸ್ಸಿನಲ್ಲಿ ಸೂಪರ್‌ವೈಸರನ ಜಾಗ ಕಟ್ಟಕಡೆಯ ಸೀಟು, ಅಲ್ಲಿಂದ ಇಡೀ ಬಸ್ಸು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಗಂಡಸರಿಬ್ಬರೂ ಪ್ಲಾಟ್‌ಫಾರ್ಮಿಗೆ ಇಳಿದು ರೈಲಿನ ಕಟ್ಟಕಡೆಯ ಡಬ್ಬಿಗೆ ನಡೆದರು. ನಡುದಾರಿಯಲ್ಲಿ ಯಶೋಧರ ನಿಂತ. ಎರಡು ಇಂಜಿನುಗಳು ಎದುರೆದುರಾಗಿ ಮೂಗಿಗೆ ಮೂಗು ತಾಗಿಸಿಕೊಂಡಿದ್ದವು.

"ಮೊಯ್ದಿನಾಕ, ಇದೆಂತ ರೈಲಿನ ಮಧ್ಯದಲ್ಲಿ ಎರಡು ಮೂಗು?"

"ಸ್ಪೇರ್ ಇರಬೇಕು. ಜರ್ಮನಿಯವರು ಮಾರಾಯ, ಸ್ಪೇರ್ ಇಲ್ಲದೆ ಹೊರಡುವವರಲ್ಲ."

ರೈಲು ಹೊರಟದ್ದು ಗೊತ್ತಾದದ್ದು ಕಿಟಕಿಯ ಹೊರಗಿನ ಕಂಬಗಳು ಓಡತೊಡಗಿದ ಮೇಲೆ. ಕುಲುಕಾಟವಿಲ್ಲ, ಕಿರುಚಾಟವಿಲ್ಲ. ಕಾಗದದ ಲೋಟದ ಚಹಾದ ಮೇಲೆ ಒಂದು ಸುಕ್ಕೂ ಏಳಲಿಲ್ಲ. ಹೊರಗೆ ಹಸಿರು ಗದ್ದೆ, ತೊಳೆದಿಟ್ಟಂತಹ ದನಗಳು, ಅವಸರವಿಲ್ಲದೆ ತಿರುಗುವ ದೊಡ್ಡ ದೊಡ್ಡ ಗಾಳಿಯಂತ್ರಗಳು. ಮರಳು ನೋಡಿ ನೋಡಿ ಒಣಗಿದ್ದ ಕಣ್ಣಿಗೆ ನೀರು ಬಿಟ್ಟ ಹಾಗಾಯಿತು.

ಹಾಮ್ ಎಂಬ ಸ್ಟೇಷನ್ನಿನಲ್ಲಿ ರೈಲು ಸ್ವಲ್ಪ ಹೆಚ್ಚೇ ನಿಂತಿತು. ಜರ್ಮನ್ ಭಾಷೆಯಲ್ಲಿ ಏನೋ ಉದ್ದದ ಪ್ರಕಟಣೆ ಬಂತು. ಇಬ್ಬರೂ ಗಾಳಿಗೆಂದು ಬಾಗಿಲಲ್ಲಿ ನಿಂತಿದ್ದರು. ದೂರ ಮುಂದೆ, ಅದೇ ಪ್ಲಾಟ್‌ಫಾರ್ಮಿನಿಂದ ಹಾಲು ಬಣ್ಣದ ರೈಲೊಂದು ಮೆಲ್ಲಗೆ ಹೊರಟು ಹೋಯಿತು.

"ನೋಡು ಯಶೋಧರ, ಒಂದೇ ಪ್ಲಾಟ್‌ಫಾರ್ಮಿನಲ್ಲಿ ಒಂದರ ಹಿಂದೆ ಒಂದು ಎರಡು ರೈಲು! ಎಂಥ ಶಿಸ್ತು. ನಮ್ಮಲ್ಲಾದರೆ ಹಾರನ್ ಹೊಡೆದೇ ಸಾಯ್ತಿದ್ದರು" ಎಂದು ಮೊಯ್ದೀನ್ ಕುಂಞಿಯವರು ಸಂತೋಷ ತಾಳಲಾರದೆ ಹೋಗುವ ರೈಲಿಗೆ ಕೈ ಬೀಸಿದರು.

ಮುಂದಿನ ಅಧ್ಯಾಯ ಟಿಕೆಟ್ ನೋಡುವ ಹೆಂಗಸಿನದು. ಟಿಕೆಟ್ಟು ನೋಡಿದಳು, ಇವರನ್ನು ನೋಡಿದಳು. "ಫೋರ್ ಪರ್ಸನ್ಸ್?"

"ಟೂ ಜೆಂಟ್ಸ್ ಹಿಯರ್, ಟೂ ಲೇಡೀಸ್ ಫ್ರಂಟ್" ಎಂದರು ಮೊಯ್ದೀನ್ ಕುಂಞಿ ಹೆಮ್ಮೆಯಿಂದ. "ಕಮ್, ಐ ಶೋ."

ಅವರು ಮುಂದೆ, ಆಕೆ ಹಿಂದೆ, ಕೊನೆಗೆ ಯಶೋಧರ. ಡಬ್ಬಿ ದಾಟಿದರು, ಇನ್ನೊಂದು ದಾಟಿದರು, ಚಹಾದ ಡಬ್ಬಿಯನ್ನೂ ದಾಟಿದರು. ಆಮೇಲೆ ಒಂದು ಗಾಜು ಅಡ್ಡ ಬಂತು. ಗಾಜಿನಾಚೆ ಡ್ರೈವರ್ ಕೂತಿದ್ದ. ಡ್ರೈವರನಾಚೆ ಬರೀ ಹಳಿ.

ಮೊಯ್ದೀನ್ ಕುಂಞಿಯವರು ಹಳಿ ನೋಡುತ್ತ ನಿಂತರು. ಹಳಿಯ ಮೇಲೆ ಹೆಂಗಸರು ಯಾರೂ ಇರಲಿಲ್ಲ.

ಆ ಪುಣ್ಯಾತ್ಗಿತ್ತಿ ನಗಲಿಲ್ಲ. ಎರಡು ಅಂಗೈ ಜೋಡಿಸಿ ತೋರಿಸಿದಳು: ಹ್ಯಾನೋವರ್. ಕೈಗಳನ್ನು ಬಿಡಿಸಿದಳು: ಹಾಮ್. ಒಂದು ಕೈ ಕಲೋನಿಗೆ ಹೋಯಿತು, ಇನ್ನೊಂದು ಡ್ಯುಸೆಲ್‌ಡಾರ್ಫಿಗೆ. ನೀವು ಈ ಕೈಯಲ್ಲಿದ್ದೀರಿ ಎಂದು ಕೈ ಅಲ್ಲಾಡಿಸಿದಳು. ಆಮೇಲೆ ಎಲ್ಲಿಗೋ ಫೋನು ಮಾಡಿದಳು. ಹೆಂಗಸರನ್ನು ಕಲೋನಿನಲ್ಲಿ ಇಳಿಸುತ್ತಾರೆ, ನೀವು ಡ್ಯುಸೆಲ್‌ಡಾರ್ಫಿನಲ್ಲಿ ರೈಲು ಬದಲಿಸಿ ಹೋಗಿ ಎಂದಳು. ದಂಡ ಕೂಡ ಹಾಕಲಿಲ್ಲ.

"ಝಹೀರನಿಗೆ ಫೋನ್ ಮಾಡುವಾ" ಎಂದ ಯಶೋಧರ.

"ಮಾಡಿ ಎಂತ ಹೇಳುವುದು? ನಿನ್ನ ಅತ್ತೆಯನ್ನು ಕಳೆದುಕೊಂಡೆ ಅಂತಲಾ?"

"ನನ್ನ ಹೆಂಡತಿಯನ್ನೂ ಸೇರಿಸಿಯೇ ಹೇಳಿ."

"ಆಶಾಲತಾ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ಇಂಗ್ಲಿಷ್ ಗೊತ್ತುಂಟು. ಪಾತುಮ್ಮ ಮಂಗಫಿನಲ್ಲಿ ಒಬ್ಬಳೇ ಬಕಾಲೆ ಅಂಗಡಿಗೆ ಹೋದವಳಲ್ಲ ಮಾರಾಯ."

"ನೀವು ಕಳಿಸಿದ್ದರೆ ಹೋಗ್ತಿದ್ದರು" ಎಂದ ಯಶೋಧರ. ಹಸಿವಿನಲ್ಲಿ ಅವನ ನಾಲಗೆ ಹರಿತವಾಗುತ್ತಿತ್ತು. "ಮತ್ತೆ ಊಟದ ಚೀಲ ಕೂಡ ಫ್ರಂಟಲ್ಲಿ ಉಂಟು, ನೆನಪಿರಲಿ. ಪತ್ತಿರ್ ರೊಟ್ಟಿ, ಕೋಳಿ ಸುಕ್ಕ."

ಡ್ಯುಸೆಲ್‌ಡಾರ್ಫಿನಲ್ಲಿ ಇಳಿದ ಮೇಲೂ ಕೆಟ್ಟ ಗಳಿಗೆ ಬಿಡಲಿಲ್ಲ. ಮೆಟ್ಟಿಲಿಳಿದ ಕೂಡಲೇ ಒಂದು ರೈಲು ಬಾಗಿಲು ತೆರೆದು ನಿಂತಿತ್ತು. ತಡ ಮಾಡದೆ ಮೊಯ್ದೀನ್ ಕುಂಞಿಯವರು "ಯಲ್ಲಾ" ಎಂದು ಹಾರಿಯೇ ಬಿಟ್ಟರು. ಅದು ಊರೊಳಗೆ ತಿರುಗುವ ಟ್ರಾಮು. ನೆಲದಡಿಯಿಂದ ಹೋಗಿ ಹೋಗಿ ಬೆಳಕಿಗೆ ಬಂದಾಗ ಹೊಳೆಯ ದಡ ಬಂದಿತ್ತು.

ಅದು ರೈನ್ ಹೊಳೆ. ಒಂದೊಂದು ಹಡಗೂ ಒಂದು ಬೀದಿಯಷ್ಟು ಉದ್ದ. ದಡದಲ್ಲಿ ಮರಗಳ ಸಾಲು, ಬಿಸಿಲು ಕಾಯುವ ಮುದುಕರು, ದೂರದಲ್ಲಿ ಆಕಾಶಕ್ಕೆ ಚುಚ್ಚಿದ ಎತ್ತರದ ಗೋಪುರ. ಕುಂಞಿಪಾತುಮ್ಮ ನೇತ್ರಾವತಿಯ ದಡದ ಹುಡುಗಿ. ಕುವೈತಿನಲ್ಲಿ ಸಮುದ್ರ ಉಂಟು, ಹೊಳೆ ಇಲ್ಲ. ಮೊಯ್ದೀನ್ ಕುಂಞಿಯವರು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ, "ಪಾತುಮ್ಮಾ, ನೋಡು" ಎಂದರು.

"ನಾನು ಯಶೋಧರ" ಎಂದ ಯಶೋಧರ.

 ಇಷ್ಟು ಚಂದದ ಊರು, ಆದರೆ 'ಹೌದಾ' ಎನ್ನುವವರು ಒಬ್ಬರಿಲ್ಲ. ಅವಳೀಗ ಯಾವ ಕಂಬಕ್ಕೆ ಒರಗಿ ಅಳುತ್ತಿದ್ದಾಳೋ ಎಂದುಕೊಂಡು ರಸ್ತೆಗೆ ಕಾಲಿಟ್ಟರು. ರಸ್ತೆ ಖಾಲಿ ಇತ್ತು, ಸಿಗ್ನಲ್ ಮಾತ್ರ ಕೆಂಪು. ಒಂದು ಕೈ ಬಂದು ಅವರ ತೋಳು ಹಿಡಿಯಿತು. ಬಿಳಿ ಕೂದಲಿನ ಅಜ್ಜಿ. ಕೆಂಪು ದೀಪ ತೋರಿಸಿ, ಆಚೆ ನಿಂತಿದ್ದ ಮಕ್ಕಳನ್ನು ತೋರಿಸಿ, ಬೆರಳು ಆಡಿಸಿ ಬೈದರು. ಭಾಷೆ ತಿಳಿಯಲಿಲ್ಲ, ಬೈಗುಳ ಪೂರ್ತಿ ತಿಳಿಯಿತು. ಬೈದು ಮುಗಿಸಿ ಮುಖ ನೋಡಿದರು. ಸೂಪರ್‌ವೈಸರನ ಮುಖದಲ್ಲಿ ಎಂತ ಕಂಡಿತೋ, ದನಿ ಇಳಿಯಿತು. ಯಶೋಧರ ಇಂಗ್ಲಿಷಿನಲ್ಲಿ ಕಥೆ ಹೇಳಿದ. ಅಜ್ಜಿ ಬಂದ ಕೆಲಸ ಬಿಟ್ಟು, ಇಬ್ಬರನ್ನೂ ಟ್ರಾಮು ಹತ್ತಿಸಿ, ಸ್ಟೇಷನ್ನಿಗೆ ಬಂದು, ಕಲೋನ್ ರೈಲಿನ ಸೀಟಿನಲ್ಲಿ ಅಕ್ಕಪಕ್ಕ ಕೂರಿಸಿ, ಏಳಬಾರದೆಂದು ಸನ್ನೆ ಮಾಡಿ ಹೋದರು.

"ಇಂಥವರೊಬ್ಬರು ಮಂಗಫಿಗೆ ಬಂದರೆ ನನ್ನ ಕೆಲಸ ಖಲಾಸ್" ಎಂದರು ಮೊಯ್ದೀನ್ ಕುಂಞಿ. ಹೊಟ್ಟೆಕಿಚ್ಚಿನ ಮಾತಲ್ಲ ಅದು, ಗೌರವದ್ದು.

ಕಲೋನ್ ಪ್ಲಾಟ್‌ಫಾರ್ಮಿನಲ್ಲಿ ಅಳುವ ಹೆಂಗಸರು ಯಾರೂ ಇರಲಿಲ್ಲ. ಈ ಕಡೆ ಓಡಿದರು, ಆ ಕಡೆ ಓಡಿದರು. ಕಡೆಗೆ ವಿಚಾರಣೆಯ ಕೌಂಟರಿಗೆ ಬಂದು ಎರಡು ಕೈಯನ್ನೂ ಮೇಜಿನ ಮೇಲೆ ಊರಿದರು. ಒಳಗಿದ್ದ ದಪ್ಪ ಮನುಷ್ಯ ಬಾಯಿ ತುಂಬ ಏನೋ ಜಗಿಯುತ್ತಿದ್ದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮುಖದಲ್ಲಿ ಪರಮಾನಂದ.

"ಮೈ ವೈಫ್ ಲಾಸ್ಟ್" ಎಂದರು. ಟೋಪಿ ಸರಿಪಡಿಸಿಕೊಂಡರು. "ಐ ಆಮ್ ಮೊಯ್ದೀನ್ ಕುಂಞಿ. ಫ್ರಂ ಕುವೈತ್."

ಅವನು ಜಗಿಯುವುದು ನಿಲ್ಲಿಸಿ ಇವರ ಟೋಪಿ ನೋಡಿದ. ಮೀಸೆ ನೋಡಿದ. ಮುಖ ಅರಳಿತು.

"ಆಹ್, ಮಿಸ್ಟರ್ ಮೊಯ್ದೀನ್! ನೋ, ನೋ. ವೈಫ್ ಈಸ್ ನಾಟ್ ಲಾಸ್ಟ್. ಯು ಆರ್ ಲಾಸ್ಟ್. ನೌ ಯು ಆರ್ ಫೌಂಡ್."

ಹೆಂಗಸರು ಟಿಕೆಟ್ಟಿನಲ್ಲಿದ್ದ ಊರಿಗೆ ಟಿಕೆಟ್ಟಿನಲ್ಲಿದ್ದ ಹೊತ್ತಿಗೆ ಸರಿಯಾಗಿ ಬಂದಿಳಿದಿದ್ದರು. ಹಾಗಾದರೆ ಕಳೆದುಹೋದವರು ಯಾರು? ಮಧ್ಯಾಹ್ನದಿಂದ ಅವನು ಮೈಕಿನಲ್ಲಿ ಕರೆಯುತ್ತಿದ್ದದ್ದು ಕುವೈತಿನ ಇಬ್ಬರು ಗಂಡಸರನ್ನು. ಯಶೋಧರ ಮೆಲ್ಲಗೆ ಬೆರಳು ತೋರಿಸಿದ. ಆ ಮನುಷ್ಯನ ಮುಂದಿದ್ದದ್ದು ಅವರದೇ ಮನೆಯ ಸ್ಟೀಲಿನ ಡಬ್ಬಿ. ಅದರೊಳಗೆ ಕೋಳಿಯ ಒಂದು ಮೂಳೆ ಮಾತ್ರ ಉಳಿದಿತ್ತು.

ಕುಂಞಿಪಾತುಮ್ಮ ಬಂದರು. ಅಳುತ್ತಿರಲಿಲ್ಲ. ಕೈಯಲ್ಲಿ ಐಸ್‌ಕ್ರೀಮ್ ಇತ್ತು. ಆಶಾಲತಾಳ ಕೈಯಲ್ಲೂ ಇತ್ತು.

"ಬಂದ್ರಾ? ಹಸಿವಾಯ್ತಾ?" ಎಂದರು.

"ನಮಗೆ ಇಟ್ಟದ್ದು?"

"ಪಾಪ, ಅವರು ನಿಮ್ಮನ್ನು ಕರೆದು ಕರೆದು ಗಂಟಲು ಒಣಗಿಸಿಕೊಂಡಿದ್ದರು. ಕೊಡದೆ ಹೇಗೆ ಇರುವುದು?"

"ಪಾತುಮ್ಮಕ್ಕ ನಮ್ಮ ರೈಲಿನ ಟಿಕೆಟ್ ನೋಡುವವನಿಗೂ ಮೊಟ್ಟೆ ಕೊಟ್ಟರು" ಎಂದಳು ಆಶಾಲತಾ. "ಟಿಕೆಟ್ಟು ಹಿಂದೆ ಉಂಟು, ಜೆಂಟ್ಸ್ ಹತ್ತಿರ ಅಂದದ್ದಕ್ಕೆ ಅವನು, ಹಿಂದೆ ರೈಲೇ ಇಲ್ಲ ಅಮ್ಮಾ ಅಂದ."

ಸ್ಟೇಷನ್ನಿನ ಹೊರಗೆ ಬಂದು ತಲೆ ಎತ್ತಿದರೆ ಇಗರ್ಜಿ. ನೋಡುತ್ತ ಹೋದರೆ ಟೋಪಿ ಹಿಂದಕ್ಕೆ ಬೀಳಬೇಕು, ಅಷ್ಟೆತ್ತರ. ಹೊಗೆ ಹಿಡಿದ ಕಪ್ಪು ಕಲ್ಲು, ಕಲ್ಲಿನಲ್ಲೇ ನೇಯ್ದ ಕಸೂತಿ, ಒಳಗೆ ಬಣ್ಣದ ಗಾಜಿನಿಂದ ನೆಲಕ್ಕೆ ಚೆಲ್ಲಿದ ಬೆಳಕು. ಮುಂದೆ ನಡೆದು ತೋರಿಸಿದವರು ಕುಂಞಿಪಾತುಮ್ಮ. ಹಿಂದೆ ನಡೆದವರು ಸೂಪರ್‌ವೈಸರ್.

"ಇದು ಮುಗಿಯಲಿಕ್ಕೆ ಆರುನೂರು ವರ್ಷಕ್ಕಿಂತ ಹೆಚ್ಚು ಕಾದಿದ್ದಾರಂತೆ" ಎಂದರು ಕುಂಞಿಪಾತುಮ್ಮ. "ಅದು ಕೇಳಿದ ಮೇಲೆ ನಿಮ್ಮನ್ನು ಕಾಯುವುದು ನನಗೆ ಭಾರ ಅನ್ನಿಸಲಿಲ್ಲ."

ಇಗರ್ಜಿಯ ಹಿಂದೆಯೇ ಹೊಳೆ. ಮೊಯ್ದೀನ್ ಕುಂಞಿಯವರು ಈ ಸಲ ಪಕ್ಕಕ್ಕೆ ಚೆನ್ನಾಗಿ ನೋಡಿ ಖಾತ್ರಿ ಮಾಡಿಕೊಂಡು, "ಪಾತುಮ್ಮಾ, ನೋಡು, ಹೊಳೆ" ಎಂದರು. ಆಕೆ ಅದನ್ನು ಆಗಲೇ ನೋಡಿದ್ದರು. ಕಾಲು ಕೂಡ ಇಳಿಬಿಟ್ಟು ಕೂತಿದ್ದರು.

"ಹೌದಾ" ಎಂದರು.

ಸಂಜೆಯ ರೈಲಿನಲ್ಲಿ ಅದೇ ಬಗೆಯ ಮೇಜು, ಎದುರು ಬದುರಿನ ನಾಲ್ಕು ಸೀಟು. ಮೊಯ್ದೀನ್ ಕುಂಞಿಯವರು ಹೆಂಡತಿಯ ಪಕ್ಕ, ಮೊಣಕಾಲು ಒಂದಕ್ಕೊಂದು ಅಂಟಿಸಿ, ಶಾಲೆಯ ಮೊದಲ ದಿನದ ಮಗುವಿನ ಹಾಗೆ ಕೂತರು. ಝಹೀರನ ಫೋನು ಬಂತು.

"ಎರಡು ಊರೂ ಆಯ್ತಾ ಮಾಮ?"

"ಎರಡೂ ಆಯ್ತು. ಫಸ್ಟ್‌ಕ್ಲಾಸ್ ಊರು."

ಯಶೋಧರನಿಗೆ ಕೆಮ್ಮು ಬಂತು.

ಹಾಮ್ ಬಂತು. ರೈಲು ನಿಂತಿತು. ಹಿಂದಿನಿಂದ ಒಂದು ಸಣ್ಣ ಧಕ್ಕೆ. ಮೊಯ್ದೀನ್ ಕುಂಞಿಯವರ ಕೈ ತಾನಾಗಿ ಹೋಗಿ ಹೆಂಡತಿಯ ಕೈ ಹಿಡಿಯಿತು. ಮಂಗಫಿನವರು ಯಾರೂ ನಂಬಲಾರರು, ನಾಲ್ಕು ಜನರ ಎದುರು ಹಿಡಿಯಿತು.

"ಹೆದರಬೇಡಿ" ಎಂದರು ಕುಂಞಿಪಾತುಮ್ಮ. "ಡ್ಯುಸೆಲ್‌ಡಾರ್ಫಿನ ರೈಲು ಬಂದು ಜೋಡಿಸಿಕೊಂಡದ್ದು. ಹೆಂಡತಿ ಹುಡುಕಿಕೊಂಡು ಯಾರಾದರೂ ಇಳಿದರಾ ನೋಡಿ."

ತಮಾಷೆ ಎಂದು ಗೊತ್ತಿದ್ದೂ ಮೊಯ್ದೀನ್ ಕುಂಞಿಯವರು ಕಿಟಕಿಯ ಗಾಜಿಗೆ ಬಗ್ಗಿ ನೋಡಿದರು. ಪ್ಲಾಟ್‌ಫಾರ್ಮಿನಲ್ಲಿ ಕೋಟು ಹಾಕಿದ ಬಿಳಿಯ ಮುದುಕನೊಬ್ಬ ಪ್ರತಿ ಕಿಟಕಿಗೂ ಇಣುಕುತ್ತ, ಏದುಸಿರು ಬಿಡುತ್ತ, ಮುಂದಿನ ಡಬ್ಬಿಗಳ ಕಡೆ ಓಡಿ ಬರುತ್ತಿದ್ದ.

"ಒಬ್ಬ ಇದ್ದಾನೆ ಪಾತುಮ್ಮಾ" ಎಂದರು ಸಣ್ಣ ದನಿಯಲ್ಲಿ.

ಕುಂಞಿಪಾತುಮ್ಮ ಬಗ್ಗಿ ನೋಡಿದರು.

"ಪಾಪ" ಎಂದರು. "ಅವನೂ ಕುವೈತಿನವನೇ ಇರಬೇಕು."