ಎರಡು ವಾರ ಮುಂದಿರುವ ಗಂಡ

ಲೋಕದ ಗಂಡಂದಿರೆಲ್ಲ ಮದುವೆಯಾದ ದಿನವನ್ನು ಮರೆಯುತ್ತಾರೆ. ನಾನು ಮರೆಯುವವನಲ್ಲ. ನನ್ನ ಪಾಲಿಗೆ ಅದು ಆಗಲೇ ಆಗಿಹೋಗಿರುತ್ತದೆ, ಅಷ್ಟೆ. (ಈ ಸೂಕ್ಷ್ಮ ನನ್ನ ಹೆಂಡತಿಯ ತಲೆಗೆ ಇನ್ನೂ ಹೋಗಿಲ್ಲ.) ನಾನು ಪತ್ರಿಕೆಗೆ ‘ಚರಿತ್ರೆಯಲ್ಲಿ ಈ ದಿನ’ ಎಂಬ ಅಂಕಣ ಬರೆಯುವವನು. ಎರಡು ವಾರ ಮೊದಲೇ ಬರೆದು ಒಪ್ಪಿಸಬೇಕೆಂಬುದು ಸಂಪಾದಕರ ಕಟ್ಟಪ್ಪಣೆ. ಹಾಗಾಗಿ ನನ್ನ ತಲೆ ಸದಾ ಎರಡು ವಾರ ಮುಂದಿರುತ್ತದೆ; ದೇಹ ಮಾತ್ರ ಇವತ್ತಿನಲ್ಲೇ ಕೂತು ಬೈಸಿಕೊಳ್ಳುತ್ತದೆ.

ನಮ್ಮ ಮದುವೆಯಾದದ್ದು ಜುಲೈ ಇಪ್ಪತ್ತರಂದು, ಮನುಷ್ಯ ಚಂದ್ರನ ಮೇಲೆ ಇಳಿದ ದಿನ. ಆ ತಾರೀಖು ಬರುವ ಹೊತ್ತಿಗೆ ನಾನು ಪ್ರತಿವರ್ಷ ಆಗಸ್ಟ್ ತಿಂಗಳ ಯಾವುದೋ ಯುದ್ಧದಲ್ಲಿ ಮುಳುಗಿರುತ್ತೇನೆ. ಈ ಸಲ ಬೆಳ್ಳಿಹಬ್ಬ. ಹೊಲಿಗೆ ಅಂಗಡಿ ನಡೆಸುವ ನನ್ನವಳು ಜೂನ್ ತಿಂಗಳಲ್ಲೇ ಕತ್ತರಿ ಹಿಡಿದು ಎಚ್ಚರಿಸಿದ್ದಳು: “ಈ ಸಲಾನೂ ಮರೆತ್ರೆ ನಾನು ತಮ್ಮನ ಮನೆಗೆ ಹೋಗ್ತೀನಿ. ನೀವು ಚಂದ್ರನ ಜೊತೆ ಸಂಸಾರ ಮಾಡ್ಕೊಳ್ಳಿ.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳಿಲ್ಲದ ಮನೆಯಲ್ಲಿ ನನಗೆ ನನ್ನ ಕನ್ನಡಕವೂ ಸಿಗುವುದಿಲ್ಲ.

ಒಂದು ಬೆಳಿಗ್ಗೆ ಚಂದ್ರನ ಮೇಲಿನ ಮೊದಲ ಹೆಜ್ಜೆಯ ಬಗ್ಗೆ ಬರೆದು ಮುಗಿಸಿ ಪೆನ್ನು ಕೆಳಗಿಟ್ಟೆ. ಆಹಾ, ಇವತ್ತೇ ನಮ್ಮ ದಿನ ಎಂದು ತಟ್ಟನೆ ಹೊಳೆಯಿತು. ಬೇಕರಿಗೆ ಓಡಿ ಕೇಕ್ ತಂದೆ. ಅತ್ತೆಗೂ ಭಾವಮೈದನಿಗೂ ಫೋನ್ ಮಾಡಿ, ಸಂಜೆ ಬನ್ನಿ, ಅವಳಿಗೆ ಹೇಳಬೇಡಿ ಎಂದೆ. ಇಬ್ಬರೂ ಕಾರಣ ಕೇಳಲಿಲ್ಲ. (ನನ್ನನ್ನು ಕಾರಣ ಕೇಳುವುದನ್ನು ಆ ಮನೆಯವರು ಬಿಟ್ಟು ಬಹಳ ಕಾಲವಾಗಿದೆ.) ಭಾವಮೈದನಂತೂ ಹೊಸ ಅಂಗಿ ತೊಟ್ಟು, ಕೇಕ್ ನೋಡಿ ಭಾವುಕನಾಗಿ ನನ್ನ ಕೈ ಹಿಡಿದುಕೊಂಡ. ಅಕ್ಕನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡೆ.

ಹೆಂಡತಿ ಅಂಗಡಿಯಿಂದ ಬಂದಳು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅವಳನ್ನು ಕೇಕ್ ಮುಂದೆ ನಿಲ್ಲಿಸಿ ಗಂಟಲು ಸರಿಮಾಡಿಕೊಂಡೆ.

“ಇಪ್ಪತ್ತೈದು ವರ್ಷಗಳ ಹಿಂದೆ, ಇದೇ ಶುಭದಿನದಂದು, ಒಂದು ಮಹಾಘಟನೆ ಜರುಗಿತು…”

ಭಾವಮೈದ ಮೆಲ್ಲಗೆ, ಇವತ್ತು ತನ್ನ ಹುಟ್ಟುಹಬ್ಬವೆಂದೂ, ಕೇಕ್ ಅದಕ್ಕೇ ಇರಬೇಕೆಂದು ತಾನು ತಿಳಿದಿದ್ದಾಗಿಯೂ ಹೇಳಿ, ಅಂದಿನ ಪತ್ರಿಕೆಯನ್ನು ನನ್ನ ಕೈಗಿತ್ತ. ನನ್ನದೇ ಅಂಕಣ. ‘ಜುಲೈ ಆರು: ಹುಚ್ಚುನಾಯಿ ಕಡಿತಕ್ಕೆ ಮೊದಲ ಲಸಿಕೆ ಕೊಟ್ಟ ದಿನ.’

ತಾರೀಖನ್ನು ಎರಡು ಸಲ ಓದಿದೆ. ಹೆಂಡತಿ ತಾಯಿಯ ಮುಖ ನೋಡಿದಳು. ಇಬ್ಬರೂ ನಗತೊಡಗಿದರು.

“ಮಹಾಘಟನೆ ನಡೆದಿದ್ದು ನಿಜಾನೇ,” ಎಂದಳು. “ತಮ್ಮನ ಹುಟ್ಟುಹಬ್ಬದ ದಿನವೇ ಅಲ್ವೇನಮ್ಮ, ನಾನು ಅಪ್ಪನ ಹತ್ರ ಈ ಗಂಡು ಬೇಡ ಅಂದಿದ್ದು?”

ನಾನು ಕುರ್ಚಿ ಹುಡುಕಿಕೊಂಡು ಕೂತೆ. ಅತ್ತೆ ಹೌದೆಂದು ತಲೆಯಾಡಿಸಿದರು. ಆಗಲೇ ಮದುವೆಗೆ ಎಲ್ಲರನ್ನೂ ಕರೆದಾಗಿತ್ತಂತೆ. ಮಾವನವರು ಅವತ್ತು ಊಟವನ್ನೇ ಮಾಡಲಿಲ್ಲವಂತೆ. ಅಪರಾಧ ನನ್ನದೇ. ಹುಡುಗಿಯ ಜೊತೆ ಮಾತಾಡಲು ಹೋದವನು ಅವಳಿಗೆ ಬಾಯಿ ತೆರೆಯಲು ಬಿಡದೆ ಒಂದು ಇಡೀ ಸಾಮ್ರಾಜ್ಯದ ಪತನವನ್ನು ವಿವರಿಸಿ ಬಂದಿದ್ದೆನಂತೆ.

“ಮತ್ತೆ ಒಪ್ಪಿದ್ದು ಯಾಕೆ?” ಎಂದು ಕೇಳಿದೆ.

“ಮಾರನೇ ದಿನ ಮತ್ತೆ ಬಂದ್ರಿ. ಇನ್ನೂ ಎಷ್ಟು ಸಾಮ್ರಾಜ್ಯ ಬಾಕಿ ಇದೆಯೋ ಅಂತ ಹೆದರಿದ್ದೆ. ನೀವು ‘ನಿನ್ನೆ ಎಲ್ಲ ನಾನೇ ಮಾತಾಡಿಬಿಟ್ಟೆ, ಇವತ್ತು ನೀವು ಹೇಳಿ’ ಅಂತ ಸುಮ್ಮನೆ ಕೂತ್ರಿ. ಬಟ್ಟೆ ಒಳ್ಳೇದಿದೆ, ಹೊಲಿಗೆ ಬಿಚ್ಚಿ ಸರಿ ಮಾಡ್ಕೋಬಹುದು ಅನ್ನಿಸ್ತು.”

ನನ್ನ ಕಣ್ಣು ತುಂಬಿ ಬಂತು. (ಬಿಚ್ಚುವ ಕೆಲಸವೇ ಇನ್ನೂ ಮುಗಿದ ಹಾಗಿಲ್ಲ ಎಂದು ಅತ್ತೆ ಸೇರಿಸಿದರು.) ಕೇಕನ್ನು ಭಾವಮೈದನೇ ಕತ್ತರಿಸಿದ. ಅತ್ತೆ, ಭಾವಮೈದ ಹೊರಟಾಗ ಹೆಂಡತಿ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು.

“ಇಪ್ಪತ್ತನೇ ತಾರೀಖು ಮತ್ತೆ ಬನ್ನಿ. ಅಷ್ಟರಲ್ಲಿ ನನ್ನ ಮನಸ್ಸು ಬದಲಾದ್ರೆ ಫೋನ್ ಮಾಡಿ ಹೇಳ್ತೀನಿ.”

ನಗುತ್ತಲೇ ಹೇಳಿದಳು; ತಮಾಷೆಯೇ ಇರಬೇಕು. ಆದರೂ ಅವಳು ಫೋನ್ ಕೈಗೆತ್ತಿಕೊಂಡಾಗಲೆಲ್ಲ ನಾನು ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೇನೆ.