ಪಾದಪಾಲಕದ ಕಳೆದುಹೋದ ಸ್ಕ್ರೂ

"ಇನ್ಮೇಲೆ ಅಮ್ಮನ ಕಾಲಿನ ಚಿಂತೆ ಬಿಟ್ಬಿಡು ಕಣೇ!" ಎನ್ನುತ್ತಾ ನಮ್ಮವರು ಹೊಸಿಲ ಬಳಿ ಕಾಲೊರಸಿನಂಥ ಹಲಗೆಯೊಂದನ್ನು ಇಟ್ಟರು. ಹೆಸರು 'ಪಾದಪಾಲಕ'. ಹತ್ತಿದವರ ಪಾದ ನೋಡಿ, ಗಾಯವಿದ್ದರೆ ಕೂಗಿ ಹೇಳಿ, ತಾನೇ ಪಟ್ಟಿ ಕಟ್ಟುತ್ತದಂತೆ! "ಒಂದು ಸ್ಕ್ರೂ ಎಲ್ಲೋ ಬಿದ್ದೋಯ್ತು. ಇರ್ಲಿ, ಅದಿಲ್ದಿದ್ರೂ ನಡೆಯುತ್ತೆ."

ಅತ್ತೆ ತುಂಗಮ್ಮನವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅಂಗಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದು. "ದಿನಾ ಯಾರಾದ್ರೂ ಅಂಗಾಲು ನೋಡಿ. ಗಾಯ ಬೇಗ ಕಂಡ್ರೆ ಕಾಲು ಉಳಿಯುತ್ತೆ" ಎಂದು ಡಾಕ್ಟರು ಎಚ್ಚರಿಸಿದ್ದರು. ಎರಡು ನಿಮಿಷದ ಕೆಲಸ, ಆದರೆ ಅತ್ತೆ ಒಪ್ಪಬೇಕಲ್ಲ! "ಸೊಸೆ ಕೈಲಿ ಕಾಲು ಹಿಡಿಸ್ಕೊಳ್ಳೋಕೆ ನಾನೇನು ಮಠದ ಸ್ವಾಮಿಗಳಾ?" ಮಗರಾಯರೋ, ಬಗ್ಗಿ ನೋಡುವುದು ಬಿಟ್ಟು ಮೂರು ತಿಂಗಳು ಕೂತು ಯಂತ್ರ ಕಟ್ಟಿದರು.

ಅವತ್ತು ನಮ್ಮಲ್ಲಿ ಅರಿಶಿನ-ಕುಂಕುಮ. ಎದುರುಮನೆ ಸರ್ವಮಂಗಳಮ್ಮ ಪಾದದ ತುಂಬ ಅರಿಶಿನ ಹಚ್ಚಿಕೊಂಡು ಮೊದಲು ಬಂದರು.

"ಅಪಾಯ! ಎರಡೂ ಕಾಲಲ್ಲಿ ಕೀವು! ಬೆರಳಲ್ಲಿ ಲೋಹ!" ಪಾದಪಾಲಕ ಬೀದಿಗೆಲ್ಲ ಕೇಳುವಂತೆ ಅರಚಿತು.

"ಅಯ್ಯೋ, ಅದು ಕಾಲುಂಗುರ!" ಎಂದು ಆಕೆ ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಎರಡು ಉಕ್ಕಿನ ಕೈಗಳು ಎದ್ದು ಎರಡೂ ಕಾಲನ್ನು ಸೇರಿಸಿ ಪಟ್ಟಿ ಸುತ್ತಿಬಿಟ್ಟವು. ಹಿಂದೆ ಬಂದ ನಾಲ್ವರಿಗೂ ಅದೇ ಗತಿ. ಐವರು ಮುತ್ತೈದೆಯರು ನಡುಮನೆಯಲ್ಲಿ ಕುಪ್ಪಳಿಸತೊಡಗಿದರು. ಒಬ್ಬರು ತಾಂಬೂಲದ ತಟ್ಟೆಯ ಮೇಲೇ ಕುಕ್ಕರಿಸಿದರು!

"ರೀ, ಆರಿಸ್ರೀ ಅದನ್ನ!"

"ತಾಳೇ, ಎಷ್ಟು ನೀಟಾಗಿ ಕಟ್ತಿದೆ ನೋಡು!"

ಗಲಾಟೆ ಕೇಳಿ ಅತ್ತೆ ಬಂದು ತಾವೂ ಹಲಗೆ ಹತ್ತಿದರು. ಅವರ ಕಾಲಿಗೆ ಅರಿಶಿನವೂ ಇಲ್ಲ, ಕಾಲುಂಗುರವೂ ಇಲ್ಲ.

"ಪಾದ ಉತ್ತಮ! ಶಭಾಷ್!"

"ನೋಡ್ದ್ಯಾ?" ಎಂದು ಅತ್ತೆ ಬೀಗುತ್ತಾ ಒಳನಡೆದರು. ಅವರ ಹಿಂದೆ ನೆಲದ ಮೇಲೆ ಕೆಂಪು ಚುಕ್ಕೆಗಳು ಮೂಡುತ್ತಾ ಹೋದವು. ಕುಂಕುಮ ಚೆಲ್ಲಿತೇನೋ ಎಂದು ಮುಟ್ಟಿ ನೋಡಿದೆ. ರಕ್ತ!

"ಸುಮ್ನೆ ಕೂತ್ಕೊಳ್ಳಿ ಅತ್ತೆ!" ಮದುವೆಯಾದ ಮೇಲೆ ಮೊದಲ ಬಾರಿ ಗದರಿ, ಅವರ ಕಾಲನ್ನು ಮಡಿಲಿಗೆ ಎಳೆದುಕೊಂಡೆ. ಹಿಮ್ಮಡಿಯಲ್ಲಿ ತಲೆಯವರೆಗೂ ಹೂತಿತ್ತು, ಕಳೆದುಹೋದ ಸ್ಕ್ರೂ.

"ನೋವಾಗ್ಲಿಲ್ವಾ?"

"ಯಾವ ನೋವೇ?"

ನನಗೆ ಅಳು ಬಂತು.

"ಲೋಹ ಅಂತ ಕಂಡುಹಿಡೀಬೇಕಿತ್ತಲ್ರೀ ನಿಮ್ಮ ಯಂತ್ರ?"

ನಮ್ಮವರು ತಲೆ ಕೆರೆದುಕೊಂಡರು. "ಕಂಡುಹಿಡಿದಿರುತ್ತೆ ಕಣೇ. ತನ್ನದೇ ಸ್ಕ್ರೂ ಅಂತ ಸುಮ್ಮನಾಗಿದೆ!"

ಡಾಕ್ಟರು ಅವತ್ತೇ ಸ್ಕ್ರೂ ತೆಗೆದರು, ಕಾಲು ಉಳಿಯಿತು. ಈಗ ಅತ್ತೆ ದಿನಾ ಸಂಜೆ ಗೊಣಗುತ್ತಲೇ ನನ್ನ ಮಡಿಲಿಗೆ ಕಾಲು ಚಾಚುತ್ತಾರೆ. ಇಷ್ಟೆಲ್ಲ ಆದದ್ದು ಪಾದಪಾಲಕದಿಂದಲೇ ಎಂದು ನಮ್ಮವರು ಊರಿಡೀ ಹೇಳಿಕೊಂಡು ತಿರುಗುತ್ತಿದ್ದಾರೆ.

ಸುಳ್ಳೇನಲ್ಲ, ಬಿಡಿ.