ಧನಪಾಲನ ನೇರಪ್ರಸಾರ

ಬೆಳಗಾವಿಯ ಖಾಸಬಾಗದ ಧನಪಾಲ ಹಲ್ಲುಜ್ಜುವ ಮೊದಲೇ ಬೈಸಿಕೊಂಡ ದಿನ ಅದು. ಹಿಂದಿನ ಸಂಜೆ ಏಳೂವರೆಯ ವಾರ್ತೆಯಲ್ಲಿ ಅವನು ಟೈ ಕಟ್ಟಿಕೊಂಡು ಕುಳಿತು, ‘ಪೂಜ್ಯ ಮುನಿ ಮಹಾರಾಜರು ನಾಳೆ ಖಾನಾಪುರಕ್ಕೆ ಆಗಮಿಸಲಿದ್ದಾರೆ’ ಎಂದು ಗಂಭೀರವಾಗಿ ಓದಿದ್ದ. ಅವನು ಓದುವ ಹೊತ್ತಿಗೆ ಮಹಾರಾಜರು ಖಾನಾಪುರಕ್ಕೆ ಬಂದು, ಅಲ್ಲಿಂದ ಹೊರಟು, ಪಾರಿಶ್ವಾಡದ ಬಸದಿಯಲ್ಲಿ ಮೂರು ದಿನ ಕಳೆದಿದ್ದರು. ಇಡೀ ಬೆಳಗಾವಿ ಜಿಲ್ಲೆಯಲ್ಲಿ ಈ ವಿಷಯ ಗೊತ್ತಿಲ್ಲದೆ ಇದ್ದದ್ದು ಧನಪಾಲನಿಗೆ ಮತ್ತು ಅವನು ಕೆಲಸ ಮಾಡುವ ಕೇಬಲ್ ಚಾನೆಲ್‌ಗೆ ಮಾತ್ರ.

ಬೆಳಗಿನ ಐದೂವರೆಗೆ ಚಾನೆಲ್ ಮಾಲೀಕ ನಾಗಲಿಂಗ ಫೋನ್ ಮಾಡಿದ.

“ಧನಪಾಲರ, ನಮ್ಮ ಅವ್ವಗ ಎಂಬತ್ತ ವರ್ಷ. ಆಕಿ ಫೋನ್‌ನ್ಯಾಗ ಎಲ್ಲಾ ನೋಡಿ ನನಗ ಕೇಳ್ತಾಳ, ನಿನ್ನ ಟೀವಿ ಯಾ ವರ್ಷದ ಸುದ್ದಿ ಹೇಳತೈತಿ ಅಂತ. ಏನ ಹೇಳ್ಲಿ ನಾ?”

“ಸಾಹೇಬ್ರ, ಖಚಿತ ಮಾಡ್ಕೊಂಡ ಹಾಕೂದು ನಮ್ಮ ಪದ್ಧತಿ ಐತ್ರಿ.”

“ನೀವು ಖಚಿತ ಮಾಡ್ಕೊಳ್ಳೂದ್ರಾಗ ಮಹಾರಾಜರು ನಡಕೋತ ಶ್ರವಣಬೆಳಗೊಳ ಮುಟ್ಟಿರ್ತಾರ. ಇವತ್ತ ಪಾರಿಶ್ವಾಡಕ್ಕ ಹೋಗ್ರಿ. ಆಫೀಸಿನ ಹೊಸಾ ಫೋನ್ ನಿಮ್ಮ ಕಡೇನ ಐತಲ್ಲ, ಅದರಾಗ ಲೈವ್ ಮಾಡ್ರಿ. ಜಗತ್ತಿಗೆ ಗೊತ್ತಾಗೂಕಿಂತ ಮದ್ಲ ನಮಗ ಗೊತ್ತಾಗಬೇಕು. ಇಲ್ಲಂದ್ರ ನಾಳಿಂದ ಆ ಖುರ್ಚಿ ಮ್ಯಾಲೆ ಬ್ಯಾರೇದಾವ್ರು ಕುಂದರ್ತಾರ.”

ಹತ್ತೊಂಬತ್ತು ವರ್ಷದಿಂದ ಆ ಖುರ್ಚಿಯಲ್ಲಿ ಕೂತವನು ಧನಪಾಲ. ಅದು ಬಿಟ್ಟರೆ ಅವನಿಗೆ ಬೇರೆ ಕೆಲಸ ಬಾರದು.

ಪಾರಿಶ್ವಾಡದಲ್ಲಿ ನಡೆಯುತ್ತಿದ್ದದ್ದು ಸಣ್ಣ ಸುದ್ದಿಯೇನೂ ಆಗಿರಲಿಲ್ಲ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಆಹಾರ ನೀರು ಎರಡನ್ನೂ ಸ್ವೀಕರಿಸುತ್ತಾರೆ. ಅದಕ್ಕೂ ಒಂದು ಕಟ್ಟುಪಾಡುಂಟು. ಬಸದಿಯಿಂದ ಹೊರಡುವ ಮುಂಚೆ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಇಂಥ ಹಣ್ಣು ಹಿಡಿದವರು ನಿಂತಿರಬೇಕು, ಇಂಥ ಬಣ್ಣದ ಸೀರೆ ಕಾಣಬೇಕು, ಹೀಗೆ ಏನೋ ಒಂದು. ಅದಕ್ಕೆ ವಿಧಿ ಎನ್ನುತ್ತಾರೆ. ಯಾರಿಗೂ ಹೇಳುವುದಿಲ್ಲ. ಯಾವ ಬಾಗಿಲಲ್ಲೂ ಆ ಗುರುತು ಕಾಣದಿದ್ದರೆ ಸುಮ್ಮನೆ ತಿರುಗಿ ಬಸದಿಗೆ ಹೋಗಿಬಿಡುತ್ತಾರೆ. ಆ ದಿನ ಹನಿ ನೀರೂ ಇಲ್ಲ. ಪಾರಿಶ್ವಾಡದಲ್ಲಿ ಮೂರು ದಿನದಿಂದ ವಿಧಿ ಕೂಡಿರಲಿಲ್ಲ. ಮೇ ತಿಂಗಳ ಬಿಸಿಲು ಬೇರೆ. ಇಡೀ ತಾಲೂಕು ಜೀವ ಕೈಯಲ್ಲಿ ಹಿಡಿದುಕೊಂಡು ಫೋನ್ ನೋಡುತ್ತಿತ್ತು.

“ನಾನೂ ಬರ್ತೀನ್ರಿ,” ಎಂದಳು ಹೆಂಡತಿ ಕಾಂತಾ. ಪಾರಿಶ್ವಾಡ ಅವಳ ತವರು. “ನಮ್ಮ ಮನ್ಯಾಗೂ ಮಹಾರಾಜರ ಅಡಗಿಗೆ ಚೌಕ ಹಾಕ್ಯಾರ. ಬಾಗಲಾಗ ಗಂಡಹೆಂಡ್ತಿ ಜೋಡಿ ನಿಂತ್ರ ಛಲೋ. ನಿಮ್ಮ ಧೋತರ ಮಡಿ ಮಾಡಿ ಇಟ್ಟೀನಿ.”

“ನಾ ಕೆಲಸಕ್ಕ ಹೊಂಟೀನಿ, ಧೋತರ ಉಡಾಕಲ್ಲ.”

“ಬಾಗಲಾಗ ನಿಂತ ಮ್ಯಾಲೆ ನಿಮ್ಮ ಕೆಲಸಾ ಮಾಡ್ರಿ, ಯಾರ ಬ್ಯಾಡ ಅಂದ್ರು?”

ಇಬ್ಬರೂ ಬೈಕ್ ಹತ್ತಿದರು. ಖಾನಾಪುರದಲ್ಲಿ ಚಹಾಕ್ಕೆ ನಿಂತಾಗ, ಬೈಕಿನ ಮೇಲಿದ್ದ ಚಾನೆಲ್ ಹೆಸರು ಓದಿದ ಅಂಗಡಿಯವನು ತನ್ನ ಫೋನಿನಿಂದ ಕಣ್ಣು ಎತ್ತದೆ, “ಟೀವಿದಾವ್ರೇನ್ರಿ? ನಿಧಾನಕ ಹೋಗ್ರಿ, ನೀವು ಮುಟ್ಟೂದ್ರಾಗ ಎಲ್ಲಾ ಮುಗದಿರತೈತಿ,” ಎಂದ. ಧನಪಾಲ ಅರ್ಧ ಚಹಾ ಬಿಟ್ಟು ಎದ್ದ.

ಪಾರಿಶ್ವಾಡದಲ್ಲಿ ಅವನನ್ನು ಎದುರುಗೊಂಡವಳು ಕಾಂತಾಳ ತಮ್ಮ ವೃಷಭನ ಹೆಂಡತಿ ಪೂನಮ್. ಅವಳು ಫೋನಿನಲ್ಲೇ ನಡೆಸುವ ‘ಪಾರಿಶ್ವಾಡ ಪ್ರಭಾವನಾ’ ಎಂಬ ಪುಟವನ್ನು ತೊಂಬತ್ತು ಸಾವಿರ ಜನ ನೋಡುತ್ತಿದ್ದರು. ಧನಪಾಲನ ಚಾನೆಲ್ಲನ್ನು ಎಷ್ಟು ಜನ ನೋಡುತ್ತಾರೆಂದು ಚಾನೆಲ್‌ನವರೇ ಕೇಳಲು ಹೆದರುತ್ತಿದ್ದರು.

“ಬರ್ರಿ ದಾಜಿ,” ಎಂದು ಭಾವನನ್ನು ಕರೆದಳು ಪೂನಮ್. “ನೀವಿನ್ನೂ ಖಾನಾಪುರದಾಗ ಮಹಾರಾಜರ ದಾರಿ ಕಾಯಾಕತ್ತೀರಿ ಅನ್ಕೊಂಡಿದ್ನಿ.”

ಧನಪಾಲ ನಕ್ಕ ಹಾಗೆ ಮಾಡಿದ. ಆದರೆ ಬೀದಿಯ ಸ್ಥಿತಿ ನೋಡಿ ಅವನ ಎದೆ ಇನ್ನಷ್ಟು ಕುಸಿಯಿತು. ಬಸದಿಯಿಂದ ಊರಬಾವಿಯ ತನಕ ಹದಿನಾಲ್ಕು ಮನೆಗಳಲ್ಲಿ ಚೌಕ ಹಾಕಿ ಮಡಿಯಲ್ಲಿ ಅಡಿಗೆ ಮಾಡಿದ್ದರು. ಒಂದೊಂದು ಬಾಗಿಲಲ್ಲೂ ಮಡಿಯುಟ್ಟವರು ಕಲಶ ಹಿಡಿದು ನಿಂತಿದ್ದರೆ, ಅವರ ಪಕ್ಕದಲ್ಲಿ ಮಡಿಯುಡದವರು ಫೋನ್ ಹಿಡಿದು ನಿಂತಿದ್ದರು. ಆ ಫೋನುಗಳಲ್ಲಿ ಹತ್ತು ನಿಮಿಷಕ್ಕೊಂದು ಹೊಸ ಸುದ್ದಿ. ಎಂಟೂವರೆಗೆ, ಬಲ್ಲ ಮೂಲಗಳ ಪ್ರಕಾರ ವಿಧಿ ಎರಡು ತೆಂಗಿನಕಾಯಿ ಎಂದು ಬಂತು. ಅಂಗಡಿಯಲ್ಲಿ ಕಾಯಿ ಖಾಲಿ. ಒಂಬತ್ತಕ್ಕೆ ಕಾಯಿ ಅಲ್ಲ, ಮಾವಿನಹಣ್ಣು ಎಂದು ಬಂತು. ಕಾಯಿ ಒಳಗೆ ಹೋಗಿ ಮಾವಿನಹಣ್ಣು ಹೊರಗೆ ಬಂದವು. ಒಂಬತ್ತೂಕಾಲಿಗೆ ಹಸಿರು ಸೀರೆ ಎಂದು ಬಂದಾಗ ಊರಿನ ಹೆಂಗಸರೆಲ್ಲ ಒಟ್ಟಿಗೆ ಒಳಗೆ ಓಡಿ ಒಟ್ಟಿಗೆ ಹೊರಗೆ ಬಂದರು. ಬೀದಿಯ ಒಬ್ಬ ಮುದುಕಿ ಮಾತ್ರ, “ಮಹಾರಾಜರ ಮನಸಿನ್ಯಾಗಿಂದು ಇವರಿಗೆ ಯಾವ ಫೋನ್ ಹಚ್ಚಿ ಹೇಳ್ತೈತಿ?” ಎಂದು ಕೇಳುತ್ತ ಕೂತಿದ್ದಳು.

ಕಾಂತಾಳ ತವರುಮನೆ ಸಾಲಿನ ಕೊನೆಯದು. ಮಹಾರಾಜರ ಸೇವೆಗೆಂದು ವೃಷಭ ಬಸದಿಯಲ್ಲಿದ್ದ. ಪೂನಮ್ ಲೈವ್ ಮಾಡಲು ಬಸದಿಯ ಬಾಗಿಲಿಗೆ ಹೋದಳು. ಅತ್ತೆ ಒಲೆ ಬಿಟ್ಟು ಏಳುವ ಹಾಗಿರಲಿಲ್ಲ. ಉಳಿದವರು ಕಾಂತಾ ಮತ್ತು ಧನಪಾಲ. ಈ ಮನೆಯಲ್ಲಿ ಕಾಯಿಯೂ ಇರಲಿಲ್ಲ, ಮಾವಿನಹಣ್ಣೂ ಇರಲಿಲ್ಲ. ಕಾಂತಾಳ ಮಡಿ ಸೀರೆ ಬಿಳಿಯದು.

ಆಫೀಸಿನ ಫೋನಿಗೆ ನೆಟ್‌ವರ್ಕ್ ಸಿಕ್ಕಿದ್ದು ಹಿತ್ತಲ ಬಾವಿಯ ಕಟ್ಟೆಯ ಮೇಲೆ ಮಾತ್ರ. ಧನಪಾಲ ಸ್ನಾನ ಮಾಡಿ, ಧೋತರ ಸುತ್ತಿಕೊಂಡು, ಕಟ್ಟೆ ಹತ್ತಿ ಆಫೀಸಿಗೆ ಲೈವ್ ಹಚ್ಚಿದ. ನಾಗಲಿಂಗನ ದನಿ ಬಂತು.

“ಹೂಂ, ನೀವೀಗ ಟೀವ್ಯಾಗ ಬರಾಕತ್ತೀರಿ ನೋಡ್ರಿ. ಮಾತಾಡ್ರಿ.”

“ವೀಕ್ಷಕರೇ, ನಾನೀಗ ಪಾರಿಶ್ವಾಡದಲ್ಲಿದ್ದೇನೆ,” ಎಂದು ಧನಪಾಲ ಶುರು ಮಾಡಿದ.

“ಏನ್ರಿ, ಮಹಾರಾಜರು ಹೊಂಟಾರಂತ, ಲಗೂನ ಬರ್ರಿ,” ಎಂದು ಕಾಂತಾ ಅಡಿಗೆಮನೆಯ ಕಿಟಕಿಯಿಂದ ಕೂಗಿದಳು.

ಧನಪಾಲ ಗಕ್ಕನೆ ತಿರುಗಿದ. ತಿರುಗಿದ ರಭಸಕ್ಕೆ ಧೋತರದ ಗಂಟು ಸಡಿಲಾಯಿತು. ಒಂದು ಕೈ ಕಟ್ಟೆಯ ಕಂಬ ಹಿಡಿದಿತ್ತು, ಇನ್ನೊಂದರಲ್ಲಿ ಫೋನ್. ಮಾನವೋ ನೌಕರಿಯೋ ಎಂದು ಯೋಚಿಸಲು ಅವನಿಗೆ ಸಮಯವೇ ಸಿಗಲಿಲ್ಲ. ಕೈ ತಾನಾಗಿಯೇ ಧೋತರಕ್ಕೆ ಹೋಯಿತು. ಫೋನ್ ಬಾವಿಗೆ ಹೋಯಿತು. ಹೋಗುವಾಗಲೂ ಅದರೊಳಗಿಂದ ನಾಗಲಿಂಗ, “ಧನಪಾಲರ, ಇದೇನ ತೋರಸಾಕತ್ತೀರಿ, ಬರೇ ಕಲ್ಲ ಕಾಣಾಕತ್ತಾವು,” ಎನ್ನುತ್ತಿದ್ದ. ಕೆಳಗೆ ಗುಡುಂ ಎಂದಿತು. ಚಾನೆಲ್‌ನ ಮೊದಲ ನೇರಪ್ರಸಾರ ಅಲ್ಲಿಗೆ ಮುಗಿಯಿತು.

ಧನಪಾಲನಿಗೆ ಅಳು ಬಂತು. ಕಾಂತಾ ಅವನ ತೋಳು ಹಿಡಿದು ಎಳೆದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿ, ಕೈಗೆ ನೀರಿನ ಕಲಶ ಕೊಟ್ಟಳು.

“ಕಾಂತಾ, ಫೋನ್ ಬಾವ್ಯಾಗ ಬಿತ್ತು. ನನ್ನ ನೌಕರಿ ಹೋತು.”

“ನಾಕ ದಿನದಿಂದ ನೀರ ಕುಡೀದವರು ಬರಾಕತ್ತಾರ, ನಿಮ್ಮ ನೌಕರಿ ಆಮ್ಯಾಲೆ ನೋಡೂಣು. ಮಾರಿ ಸರಿ ಮಾಡ್ಕೋರಿ.”

ಮಹಾರಾಜರು ಆಹಾರಕ್ಕೆ ಹೊರಟ ಮುದ್ರೆಯಲ್ಲಿ ಬಲಗೈ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು ಮೆಲ್ಲನೆ ಬಂದರು. ಮುಖ ಬಾಡಿತ್ತು. ಒಂದೊಂದು ಬಾಗಿಲಿಂದಲೂ ‘ನಮೋಸ್ತು, ನಮೋಸ್ತು’ ಎಂಬ ಮೊರೆ. ಒಂದೊಂದು ಬಾಗಿಲನ್ನೂ ಕ್ಷಣ ನೋಡಿ ಮುಂದೆ ಸಾಗಿದರು. ಕಾಯಿ ದಾಟಿದರು, ಮಾವು ದಾಟಿದರು, ಹನ್ನೆರಡು ಹಸಿರು ಸೀರೆ ದಾಟಿದರು. ಹದಿಮೂರನೆಯ ಮನೆ ದಾಟಿದಾಗ ಊರೇ ನಿಟ್ಟುಸಿರು ಬಿಟ್ಟಿತು. ಧನಪಾಲನಿಗೆ ತನ್ನ ಬಗ್ಗೆ ನಾಚಿಕೆಯಾಯಿತು. ಬೆಳಗಿನಿಂದ ಅವನು ಮಹಾರಾಜರಿಗೆ ಊಟ ಸಿಗಲಿ ಎಂದು ಒಂದು ಸಲವೂ ಅಂದುಕೊಂಡಿರಲಿಲ್ಲ, ಸಿಕ್ಕರೆ ತನ್ನ ಫೋನಿನಲ್ಲಿ ಸಿಗಲಿ ಎಂದಷ್ಟೇ ಬೇಡಿಕೊಂಡಿದ್ದ. ಈಗ ಫೋನೂ ಇಲ್ಲದೆ ಬರಿದಾಗಿ ನಿಂತಾಗ, ಮೊದಲ ಸಲ ಮನಸಾರೆ, “ನಮೋಸ್ತು ಸ್ವಾಮಿ, ತಿಷ್ಠ ತಿಷ್ಠ,” ಎಂದ.

ಮಹಾರಾಜರು ನಿಂತರು. ಬಾಗಿಲ ಆಚೆ ಈಚೆ ಕಣ್ಣಾಡಿಸಿದರು. ಮತ್ತೆ ಅಲ್ಲಿಂದ ಕದಲಲಿಲ್ಲ.

ಕಾಂತಾ ಗೊಳೋ ಎಂದು ಅತ್ತುಬಿಟ್ಟಳು. ಬೀದಿಯಲ್ಲಿ ಜಯಘೋಷ ಎದ್ದಿತು. ಧನಪಾಲ ಮೂರು ಪ್ರದಕ್ಷಿಣೆ ಹಾಕಿ, ಮಹಾರಾಜರನ್ನು ಒಳಗೆ ಕರೆದು, ಪಾದ ತೊಳೆದ. ಅವನು ಅವರ ಬೊಗಸೆಗೆ ಮೊದಲ ಗುಟುಕು ನೀರು ಹಾಕುವ ಮುಂಚೆಯೇ ಸುದ್ದಿ ಮುಂಬಯಿ, ದಿಲ್ಲಿ, ದುಬೈ ಮುಟ್ಟಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಗಳಿಗೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಆಹಾರ ಮುಗಿದು ಮಹಾರಾಜರು ಕುಳಿತ ಮೇಲೆ ಅವನೊಳಗಿನ ವರದಿಗಾರ ಮತ್ತೆ ಎಚ್ಚರಗೊಂಡ. ಅತ್ತೆ ಅಡಿಗೆಮನೆಯಲ್ಲಿದ್ದರು, ಮಹಾರಾಜರ ಮುಂದೆ ಇದ್ದದ್ದು ಅವನು ಮತ್ತು ಕಾಂತಾ ಇಬ್ಬರೇ.

“ಮಹಾರಾಜ್, ಒಂದ ಮಾತ ಕೇಳ್ಲೇನ್ರಿ? ನಾಕ ದಿನದಿಂದ ವಿಧಿ ಏನಿತ್ರಿ?”

ಮಹಾರಾಜರು ನಕ್ಕರು. “ನಾಕೂ ದಿನ ಒಂದ ವಿಧಿ ಇತ್ತಪಾ. ಯಾ ಬಾಗಲಾಗ ಒಬ್ಬರ ಕೈಯಾಗೂ ಫೋನ್ ಇರೂದಿಲ್ಲೋ, ಅಲ್ಲಿ ನಿಲ್ಲಬೇಕಂತ.”

ಧನಪಾಲನ ಮೈ ಜುಮ್ಮೆಂದಿತು. ಊರಿನ ಯಾವ ಫೋನಿಗೂ ಗೊತ್ತಿಲ್ಲದ ಸುದ್ದಿ ಅವನ ಕೈಗೆ ಬಂದು ಬಿದ್ದಿತ್ತು. ಏಳೂವರೆಗೆ ಅವನೊಬ್ಬನೇ ಅದನ್ನು ಹೇಳುತ್ತಾನೆ. ಖುರ್ಚಿ ಉಳಿಯಿತು.

ಆಹಾರ ಕೊಟ್ಟವರು ಒಂದು ನಿಯಮ ತೆಗೆದುಕೊಳ್ಳಬೇಕು. ಕಾಂತಾ ವರ್ಷದ ತನಕ ಚಹಾ ಬಿಡುವುದಾಗಿ ಹೇಳಿದಳು. ಮಹಾರಾಜರು ಧನಪಾಲನ ಕಡೆ ತಿರುಗಿದರು.

“ನಿನ್ನ ಉದ್ಯೋಗ ಏನಪಾ?”

“ಸುದ್ದಿ ಹೇಳೂದ್ರಿ, ಮಹಾರಾಜ್.”

“ಹಂಗಾರ ಇವತ್ತ ಹೊತ್ತ ಮುಣುಗೂತನಕಾ ಮೌನ ಇರು. ಬಾಯಿಲೆ ಹೇಳೂದಿಲ್ಲ, ಬರದ ತೋರಸೂದಿಲ್ಲ, ಸನ್ನೀನೂ ಇಲ್ಲ. ಆಕ್ಕೈತಿಲ್ಲೋ?”

ಧನಪಾಲ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸೂರ್ಯ ಮುಳುಗುವುದು ಏಳಕ್ಕೆ, ವಾರ್ತೆ ಏಳೂವರೆಗೆ. ಆಗುತ್ತದೆ. “ಆಕ್ಕೈತ್ರಿ,” ಎಂದು ಕೈ ಮುಗಿದ. ಮುಗಿದ ಮೇಲೆ ನೆನಪಾಯಿತು, ಯಾರಿಗೂ ಹೇಳಬೇಡ ಎಂದು ಕಾಂತಾಳಿಗೆ ಹೇಳಿಲ್ಲ. ಕಣ್ಣು ಅಗಲಿಸಿ ಅವಳನ್ನೇ ದಿಟ್ಟಿಸಿದ.

“ಯಾಕ್ರಿ ಹಂಗ ನೋಡ್ತೀರಿ, ಹಸಿವ್ಯಾಗೇತೇನು?” ಎಂದಳು ಕಾಂತಾ.

ಕಣ್ಣು ಅಗಲಿಸಿದ್ದೂ ಸನ್ನೆಯೇ ಆಯಿತೇನೋ ಎಂದು ಹೆದರಿ ಧನಪಾಲ ತಲೆ ತಗ್ಗಿಸಿದ. ಅವಳನ್ನು ತವರಿನಲ್ಲೇ ಬಿಟ್ಟು, ಎರಡು ತುತ್ತು ತಿಂದು, ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬೈಕ್ ಹತ್ತಿದ. ಖಾನಾಪುರದ ಚಹಾ ಅಂಗಡಿಯಲ್ಲಿ ಈ ಸಲ ಅಂಗಡಿಯವನು ಎದ್ದು ನಿಂತು ನಮಸ್ಕಾರ ಮಾಡಿ, ತನ್ನ ಫೋನನ್ನು ಕಿಸೆಗೆ ಇಳಿಸಿದ. ಪಕ್ಕದಲ್ಲಿದ್ದವರೂ ಇಳಿಸಿದರು. ಆಹಾರದ ಪುಣ್ಯ ಇದು, ಎಷ್ಟು ಗೌರವ ಬಂತು ಎಂದುಕೊಂಡ ಧನಪಾಲ.

ಆಫೀಸಿನಲ್ಲಿ ನಾಗಲಿಂಗ ಕೇಳಿದ್ದಕ್ಕೆಲ್ಲ ಅವನು ಗೋಡೆ ನೋಡಿದ. ಫೋನ್ ಎಲ್ಲಿ ಎಂದರೂ ಗೋಡೆ, ಬಾವಿ ಯಾಕೆ ತೋರಿಸಿದಿರಿ ಎಂದರೂ ಗೋಡೆ. ಎರಡು ಸಲ ತುಟಿಯ ತನಕ ಮಾತು ಬಂತು. ಮಹಾರಾಜರ ಬಾಡಿದ ಮುಖ ನೆನಪಾಗಿ ನುಂಗಿಕೊಂಡ. ನಾಗಲಿಂಗ ಬೈದು ಬೈದು ದಣಿದು ತನ್ನ ಕೋಣೆಗೆ ಹೋದ. ಧನಪಾಲ ಟೈ ಕಟ್ಟಿಕೊಂಡು ಕಿಟಕಿಯಲ್ಲಿ ಕೂತು ಸೂರ್ಯನನ್ನು ಕಾದ. ಅಂಥ ನಿಧಾನದ ಸೂರ್ಯನನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.

ಏಳು ಹೊಡೆಯಿತು. ಕೊನೆಯ ಕೆಂಪೂ ಮುಳುಗಿತು. ಧನಪಾಲ ಮಾಲೀಕನ ಕೋಣೆಗೆ ಓಡಿದ.

“ಸಾಹೇಬ್ರ, ಮೌನ ಇತ್ರಿ, ಈಗ ಮುಗೀತು. ವಿಧಿ ಏನಿತ್ತು ಅನ್ನೂದು ನನಗ ಗೊತ್ತೈತ್ರಿ. ಯಾ ಬಾಗಲಾಗ ಫೋನ್…”

“ಇರೂದಿಲ್ಲೋ ಅಲ್ಲಿ,” ಎಂದ ನಾಗಲಿಂಗ. ತನ್ನ ಫೋನ್ ಮುಂದೆ ಹಿಡಿದ.

ಅದರಲ್ಲಿ ಕಾಂತಾ. ತವರುಮನೆಯ ಬಾಗಿಲಲ್ಲಿ, ತಲೆ ಮೇಲೆ ಸೆರಗು ಹೊದ್ದು, ಪೂನಮ್‌ಳ ಲೈವ್‌ನಲ್ಲಿ ನಿಂತಿದ್ದಳು. ಧೋತರ ಸಡಿಲಾದದ್ದು, ಫೋನ್ ಬಾವಿಗೆ ಬಿದ್ದದ್ದು, ಮಹಾರಾಜರು ನಿಂತದ್ದು, ವಿಧಿ ಏನಿತ್ತು ಎಂಬುದು, ಒಂದೂ ಬಿಡದೆ, ಎಲ್ಲೂ ತಡವರಿಸದೆ ಹೇಳಿದ್ದಳು. ಬೆಳಿಗ್ಗೆ ಹನ್ನೊಂದೂಕಾಲಿಗೆ. ಹನ್ನೆರಡು ಲಕ್ಷ ಜನ ನೋಡಿದ್ದರು. ಅದರ ಕೆಳಗೆ ಊರಿನ ಹದಿಮೂರು ಮನೆಯವರೂ ತಂತಮ್ಮ ಬಾಗಿಲಿನ ವಿಡಿಯೊ ಹಾಕಿ, ‘ನೋಡ್ರಿ, ನಮ್ಮ ಬಾಗಲಾಗೂ ಈಗ ಫೋನ್ ಇಲ್ಲ’ ಎಂದು ಬರೆದಿದ್ದರು.

“ಹತ್ತೊಂಬತ್ತ ವರ್ಷದಾಗ ನೀವು ಹಿಂಗ ಒಂದರೆ ಸುದ್ದಿ ಹೇಳೀರೇನ್ರಿ?” ಎಂದ ನಾಗಲಿಂಗ. “ನಿಮಗ ಬೈದ ಬಂದ ಮ್ಯಾಲೆ ಇದನ್ನ ನೋಡಿ, ಆ ಪೂನಮ್ ಅನ್ನಾವ್ರ ನಂಬರಿಗೆ ಹಚ್ಚಿ ಮಾತಾಡೀನಿ. ಇವತ್ತ ಏಳೂವರಿಗೆ ಈ ವಿಡಿಯೊನ ಹಾಕ್ತೀವಿ, ನಾಳಿಂದ ಏಳೂವರಿ ಸುದ್ದಿ ನಿಮ್ಮ ಮನಿಯವರ ಓದ್ತಾರ. ಒಪ್ಪ್ಯಾರ. ಒಂದ ಶರತ್ತ ಹಾಕ್ಯಾರ, ನಿಮ್ಮನ್ನ ಕೆಲಸದಿಂದ ತಗೀಬಾರದಂತ.”

ಧನಪಾಲನಿಗೆ ಸ್ವಲ್ಪ ಉಸಿರು ಬಂತು. “ಹಂಗಾರ ನಾ ಏನ ಮಾಡ್ಲಿರಿ, ಸಾಹೇಬ್ರ?”

“ಅವರು ಹೋದ ಹೋದಲ್ಲೆ ಫೋನ್ ಹಿಡಕೊಂಡ ಲೈವ್ ಮಾಡ್ರಿ. ಅಷ್ಟ. ಒಂದ ನೆನಪಿರ್ಲಿ, ಅವರು ಮಾತಾಡಾಕತ್ತಾಗ ನಿಮ್ಮ ಬಾಯಿಂದ ಒಂದ ಶಬ್ದ ಸುದ್ದಾ ಬರಬಾರದು. ಇವತ್ತ ಹೆಂಗಿದ್ರಿ, ಹಂಗ ಇದ್ದಬಿಡ್ರಿ.”

ಹೊತ್ತು ಮುಳುಗಿ ಹತ್ತು ನಿಮಿಷವಾಗಿತ್ತು. ಧನಪಾಲ ಈಗ ಏನು ಬೇಕಾದರೂ ಮಾತಾಡಬಹುದಿತ್ತು. ಅವನು ಟೈ ಬಿಚ್ಚಿ ಮಡಚಿ ಕಿಸೆಯಲ್ಲಿ ಇಟ್ಟುಕೊಂಡು ಸುಮ್ಮನೆ ತಲೆಯಾಡಿಸಿದ.